ಸ್ಟೆಫಾನಿ ವಾನ್ ಡೆರ್ ಗ್ರಾಖ್ಟ್ ಅವರ ಫುಟ್‌ಬಾಲ್ ವೃತ್ತಿಜೀವನ ಹೇಗಿತ್ತು?

ನೆದರ್ಲೆಂಡ್ಸ್‌ನ ಈ ಸೆಂಟರ್ ಬ್ಯಾಕ್ (ರಕ್ಷಣಾ ಸಾಲಿನ ನಡುವೆ ಆಡುವವರು) ಹುಟ್ಟಿದ್ದು 1992ರಲ್ಲಿ, ಹೀರ್‌ಹ್ಯೂಗೊವಾರ್ಡ್‌ನಲ್ಲಿ. ಟೆಲ್‌ಸ್ಟಾರ್, ಟ್ವೆಂಟೆ, ಬಯರ್ನ್ ಮ್ಯೂನಿಕ್, ಅಯಾಕ್ಸ್, ಬಾರ್ಸಿಲೋನಾ, ಮತ್ತೆ ಅಯಾಕ್ಸ್, ಕೊನೆಗೆ ಇಂಟರ್ ಮಿಲಾನ್: ಕ್ಲಬ್‌ಗಳ ಪಟ್ಟಿ ಇಷ್ಟು. ಆದರೆ ಹೆಸರು ಉಳಿದದ್ದು ದೇಶದ ಕಿತ್ತಳೆ ಅಂಗಿಯಲ್ಲಿ.

2017ರಲ್ಲಿ ತವರಿನಲ್ಲೇ ಯೂರೋ, ಅಂದರೆ ಮಹಿಳೆಯರ ಯುರೋಪಿಯನ್ ಚಾಂಪಿಯನ್‌ಶಿಪ್ ಗೆದ್ದ ತಂಡದಲ್ಲಿದ್ದರು. ಫೈನಲ್‌ನಲ್ಲಿ ಡೆನ್ಮಾರ್ಕ್ ವಿರುದ್ಧ 4-2. 2019ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿ ವಿರುದ್ಧ ತಲೆಯಿಂದ ಎರಡನೇ ಗೋಲು ಹೊಡೆದರು. ಫೈನಲ್‌ನಲ್ಲಿ ಮಾತ್ರ ಅಮೆರಿಕದ ಅಲೆಕ್ಸ್ ಮಾರ್ಗನ್ ಮೇಲಿನ ಇವರ ಫೌಲ್‌ಗೆ ರೆಫರಿ ವಿಎಆರ್ (ವಿಡಿಯೊ ಮರುಪರಿಶೀಲನೆ) ನೋಡಿ ಪೆನಾಲ್ಟಿ ಕೊಟ್ಟರು. ಅದನ್ನು ಅಮೆರಿಕದ ರಪಿನೋ ಗೋಲಾಗಿಸಿದರು, ಅಮೆರಿಕ 2-0ಯಿಂದ ಗೆದ್ದಿತು.

2023ರ ವಿಶ್ವಕಪ್ಪೇ ಕೊನೆಯೆಂದು ಮೊದಲೇ ಹೇಳಿದ್ದರು. ಪೋರ್ಚುಗಲ್ ವಿರುದ್ಧದ 1-0 ಗೆಲುವಿನ ಏಕೈಕ ಗೋಲು ಇವರದೇ. ವೆಲ್ಲಿಂಗ್ಟನ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಚೆಂಡು ಇವರ ಕೈಗೆ ತಗುಲಿ ಸ್ಪೇನ್‌ಗೆ ಪೆನಾಲ್ಟಿ ಸಿಕ್ಕಿತು, 81ನೇ ನಿಮಿಷದಲ್ಲಿ ಗೋಲು. ಹತ್ತು ನಿಮಿಷದ ನಂತರ ಮುಂದಕ್ಕೆ ನುಗ್ಗಿ, ಸ್ಟ್ರೈಕರ್‌ಗಳೂ ಮೆಚ್ಚುವಂತೆ ದೂರದ ಮೂಲೆಗೆ ಚೆಂಡು ಹೊಡೆದು ಸಮ ಮಾಡಿದ್ದೂ ಇವರೇ. ಹೆಚ್ಚುವರಿ ಸಮಯದಲ್ಲಿ, 111ನೇ ನಿಮಿಷದ ಪಾರಾಲ್ಯುಯೆಲೊ ಗೋಲಿನಿಂದ ಸ್ಪೇನ್ 2-1ಕ್ಕೆ ಗೆದ್ದಿತು. ಅದೇ ಅವರ ಕೊನೆಯ ಪಂದ್ಯ.