ನರ ತೆಗೆದ ಹಲ್ಲಿನಲ್ಲಿ ಮತ್ತೆ ಕೀವು ಏಕೆ?

ದಂತ ಆರೋಗ್ಯ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮೂರು ವರ್ಷದ ಹಿಂದೆ ಮೇಲಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದೆ. ನೋವು ಹೋಯಿತೆಂದು ಕ್ಯಾಪ್ ಹಾಕಿಸುವುದನ್ನು ಮುಂದೂಡುತ್ತ ಬಂದೆ. ಕಳೆದ ವರ್ಷ ಸಿಮೆಂಟಿನ ಚೂರು ಉದುರಿತು. ಈಗ ಒಸಡಿನಲ್ಲಿ ಸಣ್ಣ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿದೆ. ನೋವಿಲ್ಲ. ನರವನ್ನೇ ತೆಗೆದ ಮೇಲೆ ಸೋಂಕು ಎಲ್ಲಿಂದ ಬಂತು?
– ಓದುಗರು, ದಾವಣಗೆರೆ

ಉತ್ತರ: ನರ ತೆಗೆದ ಮೇಲೆ ಬೇರಿನೊಳಗೆ ಉಳಿಯುವುದು ಖಾಲಿ ನಾಳ. ಅದನ್ನು ಫೈಲ್ ಎಂಬ ಸೂಜಿಯಂಥ ಅರದಿಂದ ಕೆರೆದು, ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ರಿಮಿನಾಶಕ ದ್ರವದಿಂದ ತೊಳೆದು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವಿನ ಕಡ್ಡಿ ಮತ್ತು ಸಂದು ಮುಚ್ಚುವ ಸೀಲರ್ ತುಂಬಿ ಮುಚ್ಚುತ್ತಾರೆ. ಅಲ್ಲಿಗೆ ರಕ್ತ ಹರಿಯುವುದಿಲ್ಲ. ಹಾಗಾಗಿ ಒಳಗೆ ಬ್ಯಾಕ್ಟೀರಿಯಾ ಸೇರಿಕೊಂಡರೆ ಅವನ್ನು ಎದುರಿಸಲು ದೇಹದ ಬಿಳಿ ರಕ್ತಕಣಗಳು ಹೋಗಲಾರವು. ಬ್ಯಾಕ್ಟೀರಿಯಾದ ವಿಷ ಬೇರಿನ ತುದಿಯಿಂದ ಹೊರಬಂದಾಗ ಸುತ್ತಲಿನ ಮೂಳೆ ಕರಗುತ್ತದೆ, ಕೀವು ದಾರಿ ಮಾಡಿಕೊಂಡು ಒಸಡಿನಲ್ಲಿ ಬಾಯಿ ತೆರೆಯುತ್ತದೆ. ನಿಮ್ಮ ಗುಳ್ಳೆ ಅದೇ. ಕೀವಿಗೆ ಹೊರದಾರಿ ಸಿಕ್ಕಿರುವುದರಿಂದ ಒತ್ತಡವಿಲ್ಲ, ಅದಕ್ಕೇ ನೋವಿಲ್ಲ. ನೋವಿಲ್ಲವೆಂದು ಸುಮ್ಮನಿದ್ದರೆ ಮೂಳೆ ಕರಗುತ್ತಲೇ ಇರುತ್ತದೆ.

ಬ್ಯಾಕ್ಟೀರಿಯಾ ಮೊದಲ ಚಿಕಿತ್ಸೆಯಲ್ಲೇ ಉಳಿದಿರಬಹುದು, ಇಲ್ಲವೇ ಆಮೇಲೆ ಮೇಲಿನಿಂದ ಸೋರಿರಬಹುದು. ನಿಮ್ಮ ವಿಷಯದಲ್ಲಿ ಎರಡನೆಯದರ ಗುಮಾನಿ ಜಾಸ್ತಿ. ತಾತ್ಕಾಲಿಕ ಸಿಮೆಂಟು ಕನಿಷ್ಠ 3.5 ಮಿ.ಮೀ. ದಪ್ಪವಿದ್ದರೂ ಕೆಲವೇ ವಾರಗಳಿಗೆ ಮಾತ್ರ. ಅದು ಸವೆದು ಸಂದು ಬಿಟ್ಟರೆ ಎಂಜಲು ಗಟ್ಟಾಪರ್ಚಾದ ಪಕ್ಕದಲ್ಲೇ ಕೆಳಗಿಳಿಯುತ್ತದೆ, ಸೀಲರ್ ನಿಧಾನವಾಗಿ ಕರಗುತ್ತದೆ. ಬೇರು ಎಷ್ಟೇ ಚೆನ್ನಾಗಿ ತುಂಬಿದ್ದರೂ ಮೇಲಿನ ಮುಚ್ಚಳ ಸೋರಿದರೆ ಆ ಕೆಲಸ ನೀರುಪಾಲು.

ಆದರೂ ಮೊದಲ ಸಾಧ್ಯತೆಯನ್ನು ಬಿಡುವಂತಿಲ್ಲ. ಮೇಲಿನ ಮೊದಲ ದೊಡ್ಡ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು. ಆದರೆ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಹೆಚ್ಚಿನವರಿಗೆ ಎರಡು ನಾಳಗಳಿರುತ್ತವೆ. ಎಂಬಿ-2 ಎಂದು ಕರೆಯುವ ಈ ನಾಲ್ಕನೆಯ ನಾಳದ ಬಾಯಿ ತೀರ ಕಿರಿದು, ಅದರ ಮೇಲೆ ಡೆಂಟಿನ್ (ಹಲ್ಲಿನ ಒಳಪದರ) ಅಡ್ಡ ಬೆಳೆದಿರುತ್ತದೆ. ನೇರವಾಗಿ ತೆಗೆದ ಎಕ್ಸ್‌ರೇಯಲ್ಲಿ ಎರಡೂ ಒಂದರ ಹಿಂದೊಂದು ಬಂದು ಒಂದೇ ಎಂಬಂತೆ ಕಾಣುತ್ತವೆ. ಓರೆಯಾಗಿ ಇನ್ನೊಂದು ಎಕ್ಸ್‌ರೇ ತೆಗೆಸಬೇಕು, ಅನುಮಾನ ಉಳಿದರೆ ಹಲ್ಲನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್. ಮೈಕ್ರೋಸ್ಕೋಪ್ ಇದ್ದಲ್ಲಿ ಈ ನಾಳ ಸಿಗುವ ಸಾಧ್ಯತೆ ಹೆಚ್ಚು. ನಾಳ ತಪ್ಪಿದ್ದೆಲ್ಲ ವೈದ್ಯರ ಅಸಡ್ಡೆಯಲ್ಲ. ಆದರೆ ಕೆಲಸ ಮಾಡುವಾಗ ಹಲ್ಲಿಗೆ ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಹಾಸುವ ರಬ್ಬರ್ ಹಾಳೆ) ಹಾಕದೆ ಎಂಜಲು ಒಳಗಿಳಿಯಲು ಬಿಟ್ಟಿದ್ದರೆ ಅದು ತಪ್ಪೇ. ಮುಂದಿನ ಸಲ ರಬ್ಬರ್ ಹಾಳೆ ಹಾಕುತ್ತೀರಾ ಎಂದು ಕೇಳಿ, ಸಂಕೋಚ ಬೇಡ.

ದಾವಣಗೆರೆಯ ಎರಡೂ ದಂತವೈದ್ಯ ಕಾಲೇಜುಗಳಲ್ಲಿ, ಚಿತ್ರದುರ್ಗದ ಎಸ್‌ಜೆಎಂ ಕಾಲೇಜಿನಲ್ಲಿ ಬೇರಿನ ಚಿಕಿತ್ಸೆಗೆಂದೇ ವಿಭಾಗವಿದೆ. ಹೋಗುವಾಗ ಹಳೆಯ ಎಕ್ಸ್‌ರೇ ಒಯ್ಯಿರಿ. ಮೂಳೆಯ ಕಪ್ಪು ನೆರಳು ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದು ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದರಷ್ಟೇ ತಿಳಿಯುತ್ತದೆ.

ಪ್ರಶ್ನೆ: ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ ಆಗಿ, ಕ್ಯಾಪ್ ಕೂಡ ಇದೆ. ತುಂಬಿದ್ದು ಬೇರಿನ ತುದಿ ಮುಟ್ಟಿಲ್ಲ, ಮತ್ತೆ ಮಾಡಬೇಕು ಎನ್ನುತ್ತಾರೆ. ಏನು ಮಾಡುತ್ತಾರೆ? ಕಿತ್ತು ಬೇರೆ ಹಲ್ಲು ಕಟ್ಟಿಸಿದರೆ ಆಗದೇ? ಅಡಿಕೆ ಜಗಿಯುವ ಅಭ್ಯಾಸವಿದೆ.
– ಓದುಗರು, ಚನ್ನಗಿರಿ

ಉತ್ತರ: ತುಂಬಿದ್ದು ಎಕ್ಸ್‌ರೇಯಲ್ಲಿ ತುದಿಗಿಂತ 2 ಮಿ.ಮೀ. ಒಳಗಿನ ಅಂತರದಲ್ಲಿ ನಿಲ್ಲಬೇಕು. ಅದಕ್ಕಿಂತ ಬಹಳ ಹಿಂದೆಯೇ ನಿಂತಿದ್ದರೆ ಕೆಳಗಿನ ಭಾಗ ಸ್ವಚ್ಛವಾಗಿಲ್ಲ ಎಂದು ಅರ್ಥ.

ಕೀಳುವ ಮಾತಿಗೆ ಮುಂಚೆ ಬೇರು ಸೀಳಿದೆಯೇ ಎಂದು ತಿಳಿಯಬೇಕು. ಗಟ್ಟಿ ಅಡಿಕೆಯ ಒತ್ತಡಕ್ಕೆ, ಒಳಗೆ ಟೊಳ್ಳಾದ ಹಲ್ಲು ಉದ್ದಕ್ಕೆ ಬಿರುಕು ಬಿಡಬಹುದು. ಒಸಡಿನ ಸುತ್ತ ಪ್ರೋಬ್ (ಆಳ ಅಳೆಯುವ ಕಡ್ಡಿ) ಇಳಿಸಿದಾಗ ಒಂದೇ ಕಡೆ, ಇಕ್ಕಟ್ಟಾಗಿ, ಆಳಕ್ಕೆ ಇಳಿದರೆ ಬೇರು ಸೀಳಿದ ಅನುಮಾನ. ಸೀಳಿದ್ದು ಖಚಿತವಾದರೆ ಮರುಚಿಕಿತ್ಸೆಗೆ ಹಣ ಸುರಿಯಬೇಡಿ, ಕೀಳಿಸುವುದೇ ಸರಿ. ಸೀಳಿಲ್ಲವಾದರೆ ಸ್ವಂತ ಹಲ್ಲನ್ನು ಉಳಿಸಿಕೊಳ್ಳಿ.

ಮರುಚಿಕಿತ್ಸೆಯಲ್ಲಿ ಮೊದಲು ಕ್ಯಾಪ್ ಕತ್ತರಿಸಿ ತೆಗೆಯುತ್ತಾರೆ, ಅಥವಾ ಅದರಲ್ಲೇ ತೂತು ಕೊರೆಯುತ್ತಾರೆ. ಒಳಗೆ ಪೋಸ್ಟ್ (ಬೇರಿನಲ್ಲಿ ಕೂರಿಸಿದ ಆಧಾರದ ಕಡ್ಡಿ) ಇದ್ದರೆ ಅಲ್ಟ್ರಾಸೋನಿಕ್ ಕಂಪನದಿಂದ ಸಡಿಲಿಸುತ್ತಾರೆ. ಹಳೆಯ ಗಟ್ಟಾಪರ್ಚಾವನ್ನು ಫೈಲ್‌ಗಳಿಂದ ಕೆರೆದೆಳೆಯಬೇಕು. ಕಿತ್ತಳೆ ಎಣ್ಣೆ, ಕ್ಸೈಲೀನ್‌ನಂಥ ದ್ರಾವಕ ಹಾಕಿದರೆ ಮೆತ್ತಗಾಗುತ್ತದೆ, ಆದರೆ ಹೆಚ್ಚಾದರೆ ಪೇಸ್ಟಿನಂತಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅತಿ ಕಷ್ಟದ ಘಟ್ಟ ಇದರ ನಂತರದ್ದು. ಮೊದಲ ಸಲ ಬೇರಿನ ತಿರುವಿನಲ್ಲಿ ಫೈಲ್ ಬಾಗದೆ ನೇರ ಹೋಗಿ ಗೋಡೆಯಲ್ಲಿ ಮೆಟ್ಟಿಲು ಕೊರೆದಿದ್ದರೆ, ತುದಿಯಲ್ಲಿ 0.10 ಮಿ.ಮೀ. ದಪ್ಪದ 10ನೇ ನಂಬರ್ ಫೈಲನ್ನು ಮೊದಲೇ ಬಾಗಿಸಿ, ತಡಕಾಡಿ, ನಿಜವಾದ ದಾರಿ ಹುಡುಕಬೇಕು. ಇಲ್ಲಿ ಅವಸರ ಮಾಡಿದರೆ ಬೇರಿಗೆ ತೂತು ಬೀಳುತ್ತದೆ, ಇಲ್ಲವೇ ಫೈಲ್ ಒಳಗೇ ಮುರಿಯುತ್ತದೆ. ದಾರಿ ಸಿಕ್ಕ ಮೇಲೆ ಅಪೆಕ್ಸ್ ಲೊಕೇಟರ್ ಎಂಬ ಉಪಕರಣದಿಂದ ನಾಳದ ಉದ್ದ ಅಳೆದು, ಹೈಪೋಕ್ಲೋರೈಟ್‌ನಿಂದ ಧಾರಾಳವಾಗಿ ತೊಳೆದು, ಕೆರೆದ ಪುಡಿಯ ಪದರ ತೆಗೆಯಲು ಶೇ. 17ರ ಇಡಿಟಿಎ ದ್ರಾವಣ ಬಿಟ್ಟು, ಒಂದೆರಡು ವಾರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಇಡುವುದು ರೂಢಿ. ಆಮೇಲೆ ತುಂಬಿ, ಗಟ್ಟಿ ಫಿಲ್ಲಿಂಗ್ ಮಾಡಿ, ಹೊಸ ಕ್ಯಾಪ್. ಎರಡು ಮೂರು ಸಲ ಹೋಗಬೇಕಾಗುತ್ತದೆ. ಕ್ಯಾಪ್ ತಡ ಮಾಡಬೇಡಿ, ಅಡಿಕೆ ಬಿಡಿ.

ದಾರಿ ಸಿಗದಿದ್ದರೆ ಒಸಡು ಬಿಡಿಸಿ ಬೇರಿನ ತುದಿಯನ್ನು 3 ಮಿ.ಮೀ. ಕತ್ತರಿಸಿ, ಕೆಳಗಿನಿಂದ ಎಂಟಿಎ ಎಂಬ ಸಿಮೆಂಟು ತುಂಬುವ ಶಸ್ತ್ರಚಿಕಿತ್ಸೆ ಇದೆ. ಕೆಳದವಡೆಯ ಹಿಂಭಾಗದಲ್ಲಿ ಮೂಳೆ ದಪ್ಪ, ದವಡೆಯ ನರವೂ ಹತ್ತಿರ. ಹಾಗಾಗಿ ಅಲ್ಲಿ ಅದು ಸುಲಭವಲ್ಲ. ಚಿಕಿತ್ಸೆಯಾಗಿ ಒಂದು ವರ್ಷಕ್ಕೆ ಎಕ್ಸ್‌ರೇ ತೆಗೆಸಿ. ಮೂಳೆ ಪೂರ್ತಿ ತುಂಬಲು ಕೆಲವರಿಗೆ 4 ವರ್ಷವೂ ಹಿಡಿಯುತ್ತದೆ.

ಪ್ರಶ್ನೆ: ರೂಟ್ ಕೆನಾಲ್ ಆದ ಹಲ್ಲು ಊದಿಕೊಂಡಾಗಲೆಲ್ಲ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ಐದು ದಿನ ನುಂಗುತ್ತೇನೆ. ಇಳಿಯುತ್ತದೆ, ಮತ್ತೆ ಬರುತ್ತದೆ. ಬೇರೆ ಮಾತ್ರೆ ಹೇಳಿ.
– ಓದುಗರು, ಹೊಳಲ್ಕೆರೆ

ಉತ್ತರ: ಬೇರೆ ಮಾತ್ರೆಯೂ ಇದನ್ನು ವಾಸಿ ಮಾಡದು. ಔಷಧ ರಕ್ತದ ಮೂಲಕ ಮೂಳೆಯವರೆಗೆ ತಲುಪುತ್ತದೆ, ನಾಳದೊಳಕ್ಕಲ್ಲ. ಅಲ್ಲಿ ಬ್ಯಾಕ್ಟೀರಿಯಾ ಗೋಡೆಗೆ ಪದರವಾಗಿ ಅಂಟಿ ಕೂತಿರುತ್ತವೆ. ಎಂಟರೋಕಾಕಸ್ ಫೀಕಾಲಿಸ್‌ನಂಥವು ಆಹಾರವಿಲ್ಲದೆಯೂ ಬಹುಕಾಲ ಬದುಕುತ್ತವೆ. ಒಳಗಿನದನ್ನು ಕೆರೆದು ತೊಳೆಯಲೇಬೇಕು. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಗೆ ತಂದುಕೊಳ್ಳಿ, ಇಲ್ಲದಿದ್ದರೆ ಮೂಳೆ ಮಾಯುವುದು ನಿಧಾನ. ಊತ ಕತ್ತಿಗೆ ಅಥವಾ ಕಣ್ಣಿನ ಕಡೆಗೆ ಹರಡಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗಲೆಂದು ಕಾಯದೆ ಜಿಲ್ಲಾ ಆಸ್ಪತ್ರೆಗೆ ಹೋಗಿ.