ಪ್ಯಾಕೆಟ್ ಬದಲಾಯಿಸುವ ಮೊದಲು ಕಪ್ ತೂಗಿ ನೋಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಲ್ಯಾಬ್ರಡಾರ್ ಚಿನ್ನಿಗೆ ಆರು ವರ್ಷ. ಸಂತಾನಹರಣ ಆಪರೇಷನ್ ಆದಮೇಲೆ ದಪ್ಪ ಆಗುತ್ತಾ ಬಂದು ಈಗ 38 ಕೆಜಿ ಇದ್ದಾಳೆ. 30 ಕೆಜಿಗೆ ಇಳಿಸಬೇಕು ಅಂತ ಇಲ್ಲಿನ ಪಶುವೈದ್ಯರು ಹೇಳಿದ್ದಾರೆ. ಅಂಗಡಿಗೆ ಹೋದರೆ ‘ಲೈಟ್’, ‘ವೇಟ್ ಮ್ಯಾನೇಜ್‌ಮೆಂಟ್’, ‘ಗ್ರೇನ್ ಫ್ರೀ’ ಅಂತ ಸಾಲಾಗಿ ಇಟ್ಟಿರುತ್ತಾರೆ. ಯಾವುದು ಒಳ್ಳೆಯದು? ಎರಡು ತಿಂಗಳಿಂದ ‘ಲೈಟ್’ ಹಾಕುತ್ತಿದ್ದೇವೆ, ಒಂದು ಚೂರೂ ಇಳಿದಿಲ್ಲ. ಅವಳು ತಿನ್ನೋದು ದಿನಕ್ಕೆ ಎರಡೇ ಕಪ್.

ಉತ್ತರ: ಯಾವ ಪ್ಯಾಕೆಟ್ ಅನ್ನೋದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಕೊನೆಯ ಮಾತು, ‘ಎರಡೇ ಕಪ್’. ಯಾವ ಕಪ್? ಅಂಚಿಗೆ ಸಮವಾಗಿ ತುಂಬಿದ್ದಾ, ಗೋಪುರದ ಹಾಗೆ ತುಂಬಿದ್ದಾ? ತುಂಬಿದವರು ಯಾರು?

ಹೀಗೆ ಕೇಳೋದಕ್ಕೆ ಕಾರಣ ಇದೆ. ಹಿಂದೊಮ್ಮೆ ನನ್ನ ಹತ್ತಿರ ಬಂದಿದ್ದ ಒಂದು ಕುಟುಂಬ ಕೂಡ ಇದೇ ಮಾತು ಹೇಳಿತ್ತು. ಅವರದೇ ಕಪ್ ತರಿಸಿ, ತಂದೆ ಮಗಳು ಇಬ್ಬರಿಗೂ ಒಂದೊಂದು ಸಲ ತುಂಬಲು ಹೇಳಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿದೆ. ತಂದೆ ತುಂಬಿದ್ದು 92 ಗ್ರಾಂ. ಮಗಳು ತುಂಬಿದ್ದು 118 ಗ್ರಾಂ. ಅದೇ ಕಪ್, ಅದೇ ಪ್ಯಾಕೆಟ್! ದಿನಕ್ಕೆ ಎರಡು ಸಲ ಅಂದರೆ 52 ಗ್ರಾಂ ವ್ಯತ್ಯಾಸ, ಅಂದರೆ ಸುಮಾರು 180 ಕ್ಯಾಲೊರಿ. ತೂಕ ಇಳಿಸಬೇಕಾದ ನಾಯಿಗೆ ಇದು ದಿನದ ಊಟದ ಐದನೇ ಒಂದು ಭಾಗ. ಇಷ್ಟು ವ್ಯತ್ಯಾಸ ಇದ್ದರೆ ಯಾವ ‘ಲೈಟ್’ ತಂದು ಹಾಕಿದರೂ ತೂಕ ಇಳಿಯಲ್ಲ.

ಅದಕ್ಕೇ ನನ್ನ ಮಾತು ಇಷ್ಟೇ: ಇವತ್ತಿನಿಂದ ಕಪ್ ಬಿಡಿ, ಗ್ರಾಂನಲ್ಲಿ ತೂಗಿ ಹಾಕಿ.

ಎಷ್ಟು ಗ್ರಾಂ? ಲೆಕ್ಕ ಶುರುವಾಗೋದು ಈಗಿನ 38 ಕೆಜಿಯಿಂದ ಅಲ್ಲ, ಇರಬೇಕಾದ 30 ಕೆಜಿಯಿಂದ. ಪ್ಯಾಕೆಟ್ ಹಿಂದಿನ ಪಟ್ಟಿ ನೋಡಿ ‘38 ಕೆಜಿ ನಾಯಿಗೆ ಇಷ್ಟು’ ಅಂತ ಹಾಕಿದರೆ ಅವಳನ್ನು 38 ಕೆಜಿಯಲ್ಲೇ ಉಳಿಸಿಕೊಳ್ಳಲು ಊಟ ಹಾಕಿದ ಹಾಗೆ. ಮೊಬೈಲ್ ಕ್ಯಾಲ್ಕ್ಯುಲೇಟರ್ ತೆಗೀರಿ. 30ನ್ನು ಮೂರು ಸಲ ಗುಣಿಸಿ, ಅಂದರೆ 30×30×30. ಬಂದ 27,000ಕ್ಕೆ ವರ್ಗಮೂಲದ ಗುಂಡಿ ಎರಡು ಸಲ ಒತ್ತಿ. ಸುಮಾರು 12.8 ಬರುತ್ತದೆ. ಅದನ್ನು 70ರಿಂದ ಗುಣಿಸಿದರೆ ಹತ್ತಿರ ಹತ್ತಿರ 900. ಚಿನ್ನಿಗೆ ದಿನಕ್ಕೆ ಸುಮಾರು 900 ಕ್ಯಾಲೊರಿ ಅಂತ ಇಟ್ಟುಕೊಂಡು ಶುರು ಮಾಡಬಹುದು. ಇದು ಬರೀ ಶುರುವಿನ ಅಂದಾಜು, ಆಮೇಲೆ ತಕ್ಕಡಿ ಹೇಳಿದ ಹಾಗೆ ಹೆಚ್ಚುಕಮ್ಮಿ ಮಾಡಿಕೊಳ್ಳಬೇಕು. ಆಪರೇಷನ್ ಆದ ನಾಯಿಗೆ ಮೊದಲಿನಷ್ಟು ಕ್ಯಾಲೊರಿ ಬೇಕಾಗಲ್ಲ, ಹಸಿವು ಮಾತ್ರ ಜಾಸ್ತಿ ಆಗುತ್ತದೆ. ಆಮೇಲೂ ಅಷ್ಟೇ ಊಟ ಹಾಕಿದರೆ ತೂಕ ಏರಿಯೇ ಏರುತ್ತದೆ. ಇದರಲ್ಲಿ ನೀವು ಬೇಸರ ಮಾಡಿಕೊಳ್ಳುವುದು ಏನೂ ಇಲ್ಲ.

ಈಗ ಪ್ಯಾಕೆಟ್ ವಿಷಯ. ಮುಂಭಾಗದಲ್ಲಿ ದೊಡ್ಡದಾಗಿ ಬರೆದಿದ್ದನ್ನು ಬಿಡಿ, ತಿರುಗಿಸಿ 100 ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಕ್ಯಾಲೊರಿ ಅಂತ ಹುಡುಕಿ. ಮಾಮೂಲಿ ಒಣ ಆಹಾರದಲ್ಲಿ 100 ಗ್ರಾಂಗೆ 350ರಿಂದ 400 ಇರುತ್ತದೆ. ಅಮೆರಿಕದ ಲೇಬಲ್ ನಿಯಮದ ಪ್ರಕಾರ ನಾಯಿಯ ಒಣ ಆಹಾರವನ್ನು ‘ಲೈಟ್’ ಅಂತ ಕರೆಯಬೇಕಾದರೆ ಕೆಜಿಗೆ 3100 ಕ್ಯಾಲೊರಿ ದಾಟಬಾರದು. ಎಲ್ಲ ಕಡೆಯೂ ಇಂಥ ನಿಯಮ ಇರುತ್ತದೆ ಅಂತಿಲ್ಲ, ಹಾಗಾಗಿ ಪದ ನಂಬಬೇಡಿ, ಅಂಕಿ ನೋಡಿ. ಅಂಕಿ ಬರೆದೇ ಇಲ್ಲದ ಪ್ಯಾಕೆಟ್ ಆದರೆ ನಾನಂತೂ ವಾಪಸ್ ಇಟ್ಟುಬಿಡುತ್ತೇನೆ.

ಚಿನ್ನಿಯ 900ರಲ್ಲಿ 90 ಟ್ರೀಟ್‌ಗೆ ತೆಗೆದಿಟ್ಟರೆ ಊಟಕ್ಕೆ ಉಳಿಯೋದು 810. 350 ಕ್ಯಾಲೊರಿಯ ಆಹಾರವಾದರೆ ದಿನಕ್ಕೆ 230 ಗ್ರಾಂ ಸಿಗುತ್ತದೆ, 300 ಕ್ಯಾಲೊರಿಯದ್ದಾದರೆ 270 ಗ್ರಾಂ. ಅಷ್ಟೇ ಕ್ಯಾಲೊರಿಗೆ ಬಟ್ಟಲಲ್ಲಿ 40 ಗ್ರಾಂ ಜಾಸ್ತಿ ಬೀಳುತ್ತದೆ ಅಲ್ವಾ, ‘ಲೈಟ್’ ಆಹಾರದಿಂದ ನಿಜವಾದ ಲಾಭ ಇದೇ.

ಹಾಗಾದರೆ ಈಗಿನ ಆಹಾರವನ್ನೇ ಅರ್ಧ ಮಾಡಿಬಿಟ್ಟರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಮಾಮೂಲಿ ಆಹಾರದಲ್ಲಿ ವಿಟಮಿನ್, ಖನಿಜ, ಪ್ರೋಟೀನ್ ಎಲ್ಲ ಇರುವುದು ಮಾಮೂಲಿ ಪ್ರಮಾಣದಲ್ಲಿ ತಿನ್ನುತ್ತದೆ ಅನ್ನೋ ಲೆಕ್ಕದಲ್ಲಿ. ಅರ್ಧ ಕಡಿದರೆ ಕ್ಯಾಲೊರಿ ಜೊತೆ ಅವೂ ಅರ್ಧ ಆಗುತ್ತವೆ. ಆಗ ಬೊಜ್ಜಿನ ಜೊತೆ ಮಾಂಸಖಂಡವೂ ಕರಗುತ್ತದೆ. ಚಿನ್ನಿ ಹಾಗೆ 8 ಕೆಜಿ ಇಳಿಸಬೇಕಾದ ನಾಯಿಗೆ ಪಶುವೈದ್ಯರು ಬರೆದುಕೊಡುವ ತೂಕ ಇಳಿಸುವ ಆಹಾರವೇ ಸರಿ. ಅದರಲ್ಲಿ ಕ್ಯಾಲೊರಿ ಕಮ್ಮಿ, ಪ್ರೋಟೀನ್ ಮತ್ತು ನಾರಿನಂಶ ಜಾಸ್ತಿ. ಒಂದೆರಡು ಕೆಜಿ ಇಳಿಸಬೇಕಾದವರಿಗೆ ಅಂಗಡಿಯ ‘ಲೈಟ್’ ಸಾಕಾಗಬಹುದು. ‘ಗ್ರೇನ್ ಫ್ರೀ’ಗೂ ತೂಕಕ್ಕೂ ಸಂಬಂಧವೇ ಇಲ್ಲ. ಧಾನ್ಯ ತೆಗೆದ ಜಾಗಕ್ಕೆ ಬಟಾಣಿಯೋ ಆಲೂಗಡ್ಡೆಯೋ ಬಂದಿರುತ್ತದೆ, ಕ್ಯಾಲೊರಿ ಕೆಲವು ಸಲ ಜಾಸ್ತಿಯೇ ಇರುತ್ತದೆ. ಹೊಸ ಆಹಾರ ಯಾವುದೇ ಆಗಲಿ, ಹಳೆಯದರ ಜೊತೆ ಬೆರೆಸುತ್ತಾ ಏಳೆಂಟು ದಿನದಲ್ಲಿ ಬದಲಾಯಿಸಿ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ.

ವಾರಕ್ಕೆ ಮೈತೂಕದ ನೂರಕ್ಕೆ ಒಂದರಿಂದ ಎರಡರಷ್ಟು ಇಳಿದರೆ ಸಾಕು. ಚಿನ್ನಿಗೆ ಅದು ಸುಮಾರು 400ರಿಂದ 750 ಗ್ರಾಂ. ನಿಧಾನಕ್ಕೆ ಹೋದರೆ ಐದಾರು ತಿಂಗಳ ಕೆಲಸ. ಎರಡು ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿಸಿ. ಇಳಿಯದಿದ್ದರೆ ಊಟದಲ್ಲಿ ಹತ್ತನೇ ಒಂದು ಭಾಗ ಕಮ್ಮಿ ಮಾಡಿ, ತೀರಾ ಬೇಗ ಇಳಿಯುತ್ತಿದ್ದರೆ ಸ್ವಲ್ಪ ಸೇರಿಸಿ. ತೂಗಿ ತೂಗಿ ಹಾಕಿದರೂ ಇಳಿಯುತ್ತಿಲ್ಲ ಅಂದರೆ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಮ್ಮಿ ಇರಬಹುದು, ಮೈಯಲ್ಲಿ ಕಾರ್ಟಿಸೋಲ್ ಅನ್ನೋ ಹಾರ್ಮೋನ್ ಜಾಸ್ತಿ ಆಗುವ ಕುಶಿಂಗ್ಸ್ ಕಾಯಿಲೆಯೂ ಇರಬಹುದು.

ಮನೆಯಲ್ಲಿ ಕೈಯಲ್ಲೇ ನೋಡುವ ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮ ಎಡಗೈ ಚಾಚಿ, ಅಂಗೈ ಕೆಳಗೆ ಮಾಡಿ, ಬಲಗೈ ಬೆರಳುಗಳನ್ನು ಹಿಂಗೈ ಮೇಲೆ ಹಗುರವಾಗಿ ಆಡಿಸಿ. ಮೂಳೆಗಳು ತೆಳುವಾಗಿ ಸಿಗುತ್ತವೆ ಅಲ್ವಾ? ಚಿನ್ನಿಯ ಪಕ್ಕೆಲುಬು ಹಾಗೆ ಸಿಗಬೇಕು. ಈಗ ಅಂಗೈ ತಿರುಗಿಸಿ, ಬೆರಳ ಬುಡದ ಮೆತ್ತನೆ ಜಾಗ ಮುಟ್ಟಿ. ಪಕ್ಕೆಲುಬು ಹುಡುಕಲು ಹಾಗೆ ಒತ್ತಬೇಕಾಗಿ ಬಂದರೆ ಇನ್ನೂ ಬೊಜ್ಜಿದೆ. ಮುಷ್ಟಿ ಕಟ್ಟಿದಾಗ ಗೆಣ್ಣು ಎದ್ದು ಕಾಣುವ ಹಾಗೆ ಪಕ್ಕೆಲುಬು ಎದ್ದಿದ್ದರೆ ತೀರಾ ಸಣಕಲಾಗಿದೆ ಅಂತ.

‘ಆದರೆ ಅವಳು ಹಸಿದವಳ ಹಾಗೆ ನೋಡುತ್ತಾಳೆ’ ಅಂತ ನೀವು ಬರೆದಿಲ್ಲ, ಆದರೂ ಲ್ಯಾಬ್ರಡಾರ್ ಇರುವ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಪಿಒಎಮ್‌ಸಿ ಅನ್ನೋ ಜೀನ್‌ನ ಒಂದು ತುಂಡು ಇರುವುದಿಲ್ಲ ಅಂತ 2016ರಲ್ಲಿ ಕೇಂಬ್ರಿಡ್ಜ್ ವಿಜ್ಞಾನಿಗಳು ತೋರಿಸಿದರು. ಅಂಥ ನಾಯಿಗಳಿಗೆ ಆಹಾರದ ಆಸೆ ಜಾಸ್ತಿ. ಅವಳು ನಾಟಕ ಆಡುತ್ತಿಲ್ಲ, ನಿಜವಾಗಿಯೂ ತಿನ್ನಬೇಕು ಅನ್ನಿಸುತ್ತಿರಬಹುದು. ಬೈಯಬೇಡಿ. ದಿನದ ಆಹಾರವನ್ನು ಬೆಳಗ್ಗೆಯೇ ತೂಗಿ ಡಬ್ಬಿಯಲ್ಲಿ ಹಾಕಿಡಿ. ಯಾರೇ ಕೊಡಲಿ, ಟ್ರೀಟ್ ಕೂಡ ಆ ಡಬ್ಬಿಯಿಂದಲೇ ಹೋಗಲಿ. ಖಾಲಿ ಆದರೆ ಅವತ್ತಿಗೆ ಮುಗಿಯಿತು. ಒಂದೇ ಬಟ್ಟಲಿಗೆ ಸುರಿಯುವ ಬದಲು ಉರುಳಿಸಿದರೆ ಕಾಳು ಬೀಳುವ ಆಟಿಕೆಯಲ್ಲಿ ಹಾಕಿದರೆ ಒಂದು ನಿಮಿಷದ ಊಟ ಹದಿನೈದು ನಿಮಿಷ ಆಗುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ ಅನ್ನಿಸಿದ ದಿನ ಇದನ್ನು ನೆನಪಿಸಿಕೊಳ್ಳಿ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೂ ನೋಡಿಕೊಂಡ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೊತೆಯ ನಾಯಿಗಿಂತ ಕಾಲು ಭಾಗ ಕಮ್ಮಿ ತಿಂದು ತೆಳ್ಳಗಿದ್ದ ನಾಯಿಗಳು ಸುಮಾರು 13 ವರ್ಷ ಬದುಕಿದವು, ಉಳಿದವು ಸುಮಾರು 11. ಕೀಲುನೋವಿನ ಚಿಕಿತ್ಸೆಯೂ ತೆಳ್ಳಗಿದ್ದವಕ್ಕೆ ತಡವಾಗಿ ಬೇಕಾಯಿತು.

ಪ್ರಶ್ನೆ: ನಮ್ಮ ನಾಯಿಯೂ ದಪ್ಪ. ಪ್ಯಾಕೆಟ್ ಬಿಟ್ಟು ಬರೀ ಬೇಯಿಸಿದ ಚಿಕನ್, ಅನ್ನ ಹಾಕಿದರೆ ಒಳ್ಳೆಯದಲ್ವಾ? ತರಕಾರಿ ಕೊಡಬಹುದಾ?

ಉತ್ತರ: ಒಂದೆರಡು ದಿನಕ್ಕಾದರೆ ಪರವಾಗಿಲ್ಲ. ತಿಂಗಳುಗಟ್ಟಲೆ ಅದೇ ಊಟ ಬೇಡ. ಮೂಳೆ ಇಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅನ್ನದಲ್ಲೂ ಅಷ್ಟೇ. ಮನೆ ಅಡುಗೆಯೇ ಹಾಕಬೇಕು ಅಂದರೆ ಪ್ರಾಣಿಗಳ ಪೋಷಣೆ ಓದಿದ ವೈದ್ಯರಿಂದ ನಿಮ್ಮ ನಾಯಿಗೆ ಅಂತಲೇ ಲೆಕ್ಕ ಹಾಕಿಸಿಕೊಳ್ಳಿ, ಅವರು ಹೇಳಿದ ಪೋಷಕಾಂಶದ ಪುಡಿಗಳನ್ನು ತಪ್ಪಿಸಬೇಡಿ.

ತರಕಾರಿ ಧಾರಾಳವಾಗಿ ಕೊಡಿ, ಟ್ರೀಟ್ ಜಾಗದಲ್ಲಿ. 100 ಗ್ರಾಂ ಸೌತೆಕಾಯಿಯಲ್ಲಿ 15 ಕ್ಯಾಲೊರಿ, ಕ್ಯಾರೆಟ್‌ನಲ್ಲಿ 40ರ ಸುಮಾರು. 30 ಗ್ರಾಂ ಚೀಸ್ ತುಂಡಿನಲ್ಲೇ 120! ಬೇಯಿಸಿದ ಬೀನ್ಸ್, ಕುಂಬಳಕಾಯಿ ಕೂಡ ಹೊಟ್ಟೆ ತುಂಬಿಸುತ್ತವೆ. ಉಪ್ಪು, ಎಣ್ಣೆ, ಒಗ್ಗರಣೆ ಏನೂ ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬಾಯಿಗೆ ಸಿಗಲೇಬಾರದು. ‘ಶುಗರ್ ಫ್ರೀ’ ಅಂತ ಬರೆದ ಪೀನಟ್ ಬಟರ್, ಚೂಯಿಂಗ್ ಗಮ್‌ಗಳಲ್ಲಿ ಸಕ್ಕರೆ ಬದಲು ಹಾಕುವ ಕ್ಸೈಲಿಟಾಲ್ ಇರಬಹುದು, ಅದು ನಾಯಿಗೆ ವಿಷ. ಸ್ವಲ್ಪ ತಿಂದಿದ್ದರೂ ಏನಾಗುತ್ತದೋ ನೋಡೋಣ ಅಂತ ಕಾಯಬೇಡಿ, ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡೇ ಪಶುವೈದ್ಯರಿಗೆ ಫೋನ್ ಮಾಡಿ.