ಮಗಳಿಗೆ ಇಲಿ ಪಾತ್ರ ಸಿಕ್ಕಿದೆ, ಬದಲಿಸಿ ಅಂತ ಟೀಚರ್‌ನ ಕೇಳಲಾ?

ನಿಮ್ಮ ಮಗಳಿಗೆ 7 ವರ್ಷ. ಕ್ರಿಸ್ಮಸ್ ರಜೆಯಲ್ಲಿ ಆಡುವ ‘ನಟ್‌ಕ್ರ್ಯಾಕರ್’ ಅನ್ನುವ ಬ್ಯಾಲೆಯಲ್ಲಿ, ಅಂದರೆ ಕುಣಿತದಲ್ಲೇ ಕತೆ ಹೇಳುವ ಪಾಶ್ಚಾತ್ಯ ನೃತ್ಯನಾಟಕದಲ್ಲಿ, ಹಿಮದ ಹುಡುಗಿ ಆಗಬೇಕು ಅಂತ ಆಸೆ ಇಟ್ಟುಕೊಂಡಿದ್ದಳು, ಸಿಕ್ಕಿದ್ದು ಇಲಿ. ಅಳುತ್ತಿದ್ದಾಳೆ. ಟೀಚರ್ ಹತ್ತಿರ ಮಾತಾಡಲಾ, ನಮಗೆ ಎಷ್ಟು ಕೆಲಸ ಬೀಳುತ್ತದೆ ಅಂತ ಕೇಳಿದ್ದೀರಿ. ಮಾತಾಡಬೇಡಿ. ಕೆಲಸ ಮಾತ್ರ ಬೀಳುತ್ತದೆ, ಜಾಸ್ತಿನೇ ಬೀಳುತ್ತದೆ.

ನಾವು ಬೆಳಗಾವಿಯವರು. ಹೋದ ಡಿಸೆಂಬರ್‌ನಲ್ಲಿ ನನ್ನ ಮಗಳೂ ಇದೇ ‘ನಟ್‌ಕ್ರ್ಯಾಕರ್’ನಲ್ಲಿ ಇಲಿಯಾಗಿದ್ದಳು. ನಾನು ಉದ್ಯಮಬಾಗದ ಒಂದು ಮಶೀನ್ ಶಾಪ್‌ನಲ್ಲಿ ಕೆಲಸ ಮಾಡುವವನು. ನನಗೂ ಬ್ಯಾಲೆಗೂ ಏನೇನೂ ಸಂಬಂಧ ಇರಲಿಲ್ಲ. ಆ ಹೆಸರು ಕೇಳಿ ನಮ್ಮ ತಾಯಿ "ಅಂದ್ರ ಅಡಕತ್ತರಿ ಏನೋ?" ಅಂದರು. ಒಂದು ರೀತಿಯಲ್ಲಿ ಅದೇ. ಅದು ಅಕ್ರೋಡ ಒಡೆಯುವ ಮರದ ಗೊಂಬೆ. ಕ್ರಿಸ್ಮಸ್ ಹಿಂದಿನ ಸಂಜೆ ಹುಡುಗಿಯೊಬ್ಬಳಿಗೆ ಅದು ಉಡುಗೊರೆಯಾಗಿ ಬರುತ್ತದೆ. ನಡುರಾತ್ರಿ ಇಲಿಗಳ ದಂಡು ಬಂದು ಮುತ್ತುತ್ತದೆ. ಗೊಂಬೆ ಸೈನಿಕರ ಜೊತೆ ಯುದ್ಧ. ಹುಡುಗಿ ತನ್ನ ಚಪ್ಪಲಿ ತೆಗೆದು ಇಲಿರಾಜನಿಗೆ ಎಸೆಯುತ್ತಾಳೆ. ಆಮೇಲೆ ಹಿಮ, ಮಿಠಾಯಿಯ ಲೋಕ, ಬರೀ ಕುಣಿತ. ನಿಜ ಹೇಳಬೇಕೆಂದರೆ ಕತೆಯಲ್ಲಿ ಜಗಳ ಇರುವುದು ಇಲಿಗಳು ಇರುವವರೆಗೆ ಮಾತ್ರ. ಇದನ್ನು ಮಗಳಿಗೆ ಹೇಳಿ ನೋಡಿ.

ಇದು ಮೊದಲು ಆಡಿದ್ದು 1892ರ ಡಿಸೆಂಬರ್‌ನಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಸಂಗೀತ ಚೈಕೋವ್‌ಸ್ಕಿಯದು. ಆವತ್ತೂ ಬ್ಯಾಲೆ ಶಾಲೆಯ ಮಕ್ಕಳೇ ರಂಗದ ತುಂಬ ಇದ್ದರು. ಮಕ್ಕಳು ಜಾಸ್ತಿಯಾದರು ಅಂತ ವಿಮರ್ಶಕರು ಗೊಣಗಿದ್ದರು. ಈಗ ನೋಡಿದರೆ ಅಮೆರಿಕದಲ್ಲಿ ಪ್ರತಿ ಡಿಸೆಂಬರ್ ಊರೂರಲ್ಲಿ ಇದನ್ನೇ ಆಡುತ್ತಾರೆ, ಆ ಮಕ್ಕಳಿಗಾಗಿಯೇ ಜನ ಬರುತ್ತಾರೆ. ಒಂದು ಇಲಿಯ ಹಿಂದೆ ಅಪ್ಪ, ಅವ್ವ, ಇಬ್ಬರು ಅಜ್ಜ, ಇಬ್ಬರು ಅಜ್ಜಿ. ಆರು ಕುರ್ಚಿ ತುಂಬಿತಲ್ವಾ?

ಪಾತ್ರ ಹಂಚಿದ ದಿನ ನಮ್ಮವಳೂ ಊಟ ಬಿಟ್ಟಳು. "ನಾ ಇಲಿ ಆಗಂಗಿಲ್ಲ" ಅಂತ ಒಂದೇ ಹಟ. ಟೀಚರ್‌ಗೆ ಫೋನ್ ಮಾಡಲು ನಾನೂ ಮೊಬೈಲ್ ತೆಗೆದಿದ್ದೆ. ತಡೆದವರು ನಮ್ಮ ತಾಯಿ. ಅವರ ತವರು ಬನಹಟ್ಟಿ, ನೇಕಾರರ ಮನೆ. ಅಲ್ಲಿ ಗಣೇಶ ಚವತಿಯ ಮರುದಿನ ಇಲಿವಾರ. ಅವತ್ತು ಮಗ್ಗಕ್ಕೆ ಕೈ ಹಚ್ಚುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ವರ್ಷವಿಡೀ ನೂಲು ಕಡಿಯಬೇಡಪ್ಪಾ ಅಂತ ಇಲಿಗೆ ಎಡೆ ಇಟ್ಟು ಕೈಮುಗಿಯುತ್ತಾರೆ. "ನಮ್ಮಪ್ಪ ಯಾರಿಗೂ ಹೆದರಿದವನಲ್ಲ, ಇಲಿಗೆ ಹೆದರತಿದ್ದ. ನೀ ಅಂಥಾ ಇಲಿ ಆಗು" ಅಂದರು. ಮೊಮ್ಮಗಳು ಸ್ವಲ್ಪ ಹೊತ್ತು ಯೋಚನೆ ಮಾಡಿ ಚಪಾತಿ ಕೇಳಿದಳು.

ಇನ್ನು ಕೆಲಸದ ಮಾತು. ಟೀಚರ್ ಎಲ್ಲ ಪಾಲಕರಿಗೂ ಒಂದೊಂದು ಹಂಚಿದರು. ನಾನು ಮಶೀನ್ ಶಾಪ್‌ನವನು ಅಂತ ಗೊತ್ತಾದದ್ದೇ ತಡ, 12 ಬಾಲ ನನ್ನ ಪಾಲಿಗೆ ಬಂದವು. ಮೊದಲು ಬಟ್ಟೆ ಹೊಲಿಸಿ ಗಾದಿ ಅಂಗಡಿಯ ಹತ್ತಿ ತುಂಬಿದೆ, ನಡುವೆ ಬೈಂಡಿಂಗ್ ವೈರ್. ನೋಡಲು ಚಂದ ಇತ್ತು. ಆದರೆ ಭಾರಕ್ಕೆ ಮಕ್ಕಳ ಪ್ಯಾಂಟ್ ಕೆಳಗೆ ಜಗ್ಗತೊಡಗಿತು. ತಾಲೀಮಿನಲ್ಲಿ ಎಲ್ಲ ಇಲಿಗಳೂ ಒಂದು ಕೈಯಲ್ಲಿ ಪ್ಯಾಂಟ್ ಹಿಡಿದು ಯುದ್ಧ ಮಾಡಿದವು. ಕೊನೆಗೆ ಹೊಳೆದದ್ದು ಏಸಿಯ ತಾಮ್ರದ ಪೈಪಿಗೆ ಸುತ್ತುತ್ತಾರಲ್ಲ, ಆ ಕಪ್ಪು ಫೋಮ್ ಕೊಳವೆ. ಹಗುರ, ಬಾಗುತ್ತದೆ, ಬಣ್ಣ ಹಚ್ಚುವ ಕೆಲಸವಿಲ್ಲ. ಸೊಂಟಕ್ಕೆ ಅಗಲ ಇಲಾಸ್ಟಿಕ್ ಹಾಕಿ ಅದಕ್ಕೇ ಬಾಲ ಹೊಲಿಸಿ, ಪ್ಯಾಂಟಿಗೆ ಬೇಡ. ಒಳಗೆ ವೈರ್ ಹಾಕಲೇಬೇಡಿ, ಹಿಂದಿನ ಮಗುವಿನ ಕಣ್ಣಿಗೆ ಚುಚ್ಚುತ್ತದೆ.

ಬೂಟಿನ ಬಗ್ಗೆಯೂ ಹೇಳಿಬಿಡುತ್ತೇನೆ, ನಮ್ಮ ಗುಂಪಿನಲ್ಲಿ ಕೆಲವರು ಕೇಳಿದ್ದರು. ಬೆರಳ ತುದಿಯ ಮೇಲೆ ನಿಲ್ಲುವ ಗಟ್ಟಿ ಬೂಟು ಈ ವಯಸ್ಸಿಗೆ ಬೇಡವೇ ಬೇಡ. ಪಾದ ಇನ್ನೂ ಬೆಳೆಯುತ್ತಿರುತ್ತದೆ. ಕೆಲವು ವರ್ಷ ಸರಿಯಾಗಿ ಕಲಿತ ಮೇಲೆ, ಸಾಮಾನ್ಯವಾಗಿ 11–12ರ ನಂತರ, ಅದೂ ಟೀಚರ್ ನೋಡಿ ಹೇಳಿದರೆ ಮಾತ್ರ. ಇಲಿಗೆ ಮೆತ್ತನೆಯ ಬಟ್ಟೆಯ ಬೂಟು ಸಾಕು. ‘ಬೆಳೀತಾಳೆ, ಇರಲಿ’ ಅಂತ ಒಂದು ಸೈಜ್ ದೊಡ್ಡದು ತರಬೇಡಿ, ಕಾಲು ಜಾರುತ್ತದೆ.

ತಾಲೀಮು ಮೂರು ವಾರ. ಅದು ಅಧಿವೇಶನದ ಸಮಯ ಬೇರೆ. ಸುವರ್ಣ ವಿಧಾನಸೌಧದಲ್ಲಿ ಸರ್ಕಾರ, ರಸ್ತೆಯಲ್ಲಿ ಬ್ಯಾರಿಕೇಡ್, ಸ್ಕೂಟರ್ ಹಿಂದೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡ ಇಲಿ. ಟೀಚರ್ ಇಲಿಗಳ ಯುದ್ಧವನ್ನು ಮೂರೂವರೆ ನಿಮಿಷಕ್ಕೆ ಕತ್ತರಿಸಿದ್ದರು. ಆ ಸಂಗೀತ ನಮ್ಮ ಮನೆಯಲ್ಲಿ ಎಷ್ಟು ಸಲ ಹಾಡಿತೋ ಲೆಕ್ಕವಿಲ್ಲ. ಮಿಠಾಯಿ ಪರಿ ಕುಣಿಯುವಾಗ ಸೆಲೆಸ್ಟಾ ಅಂತ ಒಂದು ವಾದ್ಯ ಬರುತ್ತದೆ, ಥೇಟ್ ಜಲತರಂಗ. ಅದೊಂದು ನನಗೂ ಹಿಡಿಸಿತು.

ಈ ಮೂರು ವಾರದಲ್ಲಿ ಮಗಳು ಒಂದು ಕಂಡುಹಿಡಿದಿದ್ದಳು. ಇಲಿಗಳು ಕೊನೆಗೆ ಸಾಯುತ್ತವೆ, ಮತ್ತು ಹೇಗೆ ಸಾಯಬೇಕು ಅಂತ ಟೀಚರ್ ಹೇಳಿಕೊಟ್ಟಿಲ್ಲ! ದಿನಾ ಅಡುಗೆಮನೆಯಲ್ಲಿ ಅದೇ ಅಭ್ಯಾಸ. ಎದೆ ಹಿಡಿದು ಒಂದು ಸುತ್ತು, ದೊಪ್ಪನೆ ಬೀಳುವುದು, ಒಂದು ಕಾಲು ಮೇಲೆ, ಮೂರು ಸಲ ಕಾಲು ಝಾಡಿಸುವುದು, ಆಮೇಲೆ ಗಪ್ಪು. ನನ್ನ ಹೆಂಡತಿ ಕುಕ್ಕರ್ ಹಿಡಿದುಕೊಂಡು ಅವಳನ್ನು ದಾಟಿ ಹೋಗುತ್ತಿದ್ದಳು.

ಪ್ರದರ್ಶನ ನೆಹರು ನಗರದ ಕುಮಾರ ಗಂಧರ್ವ ರಂಗಮಂದಿರದಲ್ಲಿ. 12 ಇಲಿಗೂ ಒಂದೇ ಮುಖವಾಡ, ಒಂದೇ ಬೂದು ಬಟ್ಟೆ. ಗುರುತು ಸಿಗುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಮಗಳ ಬಾಲದ ತುದಿಗೆ ಗುಟ್ಟಾಗಿ ಒಂದು ಕೆಂಪು ದಾರ ಸುತ್ತಿದ್ದೆ. ಬುದ್ಧಿವಂತ ನಾನು! ಮೂರನೇ ಸಾಲಲ್ಲಿ ಕೂತು ಮೂರೂವರೆ ನಿಮಿಷವೂ ಆ ದಾರದ ಹಿಂದೆಯೇ ಮೊಬೈಲ್ ತಿರುಗಿಸಿದೆ. ಆ ಇಲಿ ಸ್ವಲ್ಪ ಸಪ್ಪೆಯಾಗಿ ಸತ್ತಿತು, ಸುಮ್ನೆ ಮಲಗಿಬಿಟ್ಟಿತು. ಪಾಪ, ಹೆದರಿರಬೇಕು ಅಂದುಕೊಂಡೆ. ಆ ಕಡೆ ಮೂಲೆಯಲ್ಲಿ ಏನೋ ಆಯಿತು, ಸಭೆಯೆಲ್ಲ ನಕ್ಕಿತು. ನಾನು ಆ ಕಡೆ ನೋಡಲೇ ಇಲ್ಲ.

ಪರದೆಯ ಹಿಂದೆ ಮಕ್ಕಳು ಕೈಗೆ ಸಿಕ್ಕ ಬಾಲ ಕಟ್ಟಿಕೊಂಡಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು.

ಮಗಳು ಮುಖವಾಡ ಕೈಯಲ್ಲಿ ಹಿಡಿದು ಓಡಿ ಬಂದಳು. ಬೆವರಿಗೆ ಕಾಡಿಗೆ ಮೀಸೆ ಕರಗಿ ಗದ್ದಕ್ಕೆ ಬಂದಿತ್ತು. "ಪಪ್ಪಾ, ನಾ ಸಾಯೂದು ನೋಡಿದಿ ಇಲ್ಲೋ? ಎಲ್ಲಾರೂ ನಕ್ಕರು!" ನೋಡಿದೆ ಅಂದೆ. ರಾತ್ರಿ ಅವಳೇ ಮೊಬೈಲ್ ತೆಗೆದು ವಿಡಿಯೋ ಹಾಕಿದಳು. ಹತ್ತು ಸೆಕೆಂಡ್ ನೋಡಿ, "ಇದು ನಾ ಅಲ್ಲ" ಅಂದಳು. ಅಳಲಿಲ್ಲ, ಅದೇ ಕಷ್ಟವಾಯಿತು. ಮರುದಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರನ್ನೂ ಬೇಡಿಕೊಂಡೆ. ಯಾರದೋ ವಿಡಿಯೋದ ಅಂಚಿನಲ್ಲಿ ಮೇಲೆದ್ದ ಒಂದು ಕಾಲು ಮಾತ್ರ ಸಿಕ್ಕಿತು. ಮೂರು ಸಲ ಝಾಡಿಸಿತು, ಲೆಕ್ಕ ಸರಿಯಾಗಿತ್ತು.

ಅದಕ್ಕೇ ಹೇಳುತ್ತೇನೆ, ಮೊಬೈಲ್ ಒಬ್ಬರಿಗೆ ವಹಿಸಿ ನೀವು ಬರಿಗಣ್ಣಲ್ಲಿ ಎಲ್ಲ ಇಲಿಗಳನ್ನೂ ನೋಡಿ. ವೇಷ ಹಾಕುವ ಮುಂಚೆ ಬಾತ್‌ರೂಮಿಗೆ ಕಳಿಸಿ. ಸೇಫ್ಟಿ ಪಿನ್ ಒಂದು ಡಬ್ಬಿ ಇರಲಿ. ಈ ವರ್ಷ ನಮ್ಮವಳಿಗೆ ಯಾವ ಪಾತ್ರ ಬೇಕು ಅಂತ ಟೀಚರ್ ಕೇಳಿದರೆ ಮತ್ತೆ ಇಲಿನೇ ಅಂದಿದ್ದಾಳೆ. ನನಗೆ ಬೇರೆ ಷರತ್ತು: "ಬಾಲಕ್ಕ ದಾರ ಕಟ್ಟಬ್ಯಾಡ."

ಬಾಲದ ಅಳತೆ ಬೇಕಿದ್ದರೆ ಕೇಳಿ. ಆ ವಯಸ್ಸಿಗೆ ಎರಡೂವರೆ ಅಡಿ ಸಾಕಾಗುತ್ತದೆ, ಅದಕ್ಕಿಂತ ಉದ್ದ ಆದರೆ ಒಬ್ಬರದನ್ನು ಒಬ್ಬರು ತುಳಿಯುತ್ತಾರೆ.